ಸಂಕವ್ವನ ಮುಂಗೈಯ ಗಿಳಿ

ಬಹಳ ಹಿಂದೆ, ಮೊಸಳೆಗಳು ಮನುಷ್ಯರ ಜೊತೆ ಮಾತಾಡುತ್ತಿದ್ದ ಕಾಲದಲ್ಲಿ, ನವಿಲುಕೋಟೆ ಎಂಬ ರಾಜ್ಯವಿತ್ತು. ಅದನ್ನು ಮಲ್ಲಭೂಪ ಎಂಬ ರಾಜ ಆಳುತ್ತಿದ್ದ. ಆ ಕೋಟೆಯ ಪಡುವಣ ಬಾಗಿಲ ಬಳಿ ಸಂಕವ್ವ ಎಂಬ ಹೆಂಗಸು ಖಾನಾವಳಿ ನಡೆಸುತ್ತಿದ್ದಳು.

ಗಂಡ ಒಂದು ದಿನ ಹೇಳದೆ ಕೇಳದೆ ಮನೆ ಬಿಟ್ಟು ಹೋದಾಗ ಅವಳಿಗೆ ಉಳಿದದ್ದು ರೊಟ್ಟಿ ಸುಡುವ ಒಂದು ಹೆಂಚು ಮತ್ತು ಎರಡು ಕೈ. ಆ ಎರಡು ಕೈಯಿಂದಲೇ ಅವಳು ಗೋಡೆ ಎಬ್ಬಿಸಿದಳು, ಮಾಡು ಹೊದಿಸಿದಳು, ಒಲೆ ಹೂಡಿದಳು. ಯಾರು ಬಂದು ಕೂತರೂ ಅವಳು ಕೇಳುತ್ತಿದ್ದದ್ದು ಒಂದೇ ಮಾತು: "ಎಷ್ಟು ರೊಟ್ಟಿ?" ಯಾವ ಊರು, ಯಾವ ಕುಲ, ಯಾರ ಮಗ ಎಂದು ಯಾವತ್ತೂ ಕೇಳಲಿಲ್ಲ. ಕೇಳಿದರೆ ರೊಟ್ಟಿ ದುಂಡಗಾಗುತ್ತದೆಯೇ?

ಹೀಗಿರಲು ನಾಡಿಗೆ ಮುಖಗಳ್ಳರು ಬಂದರು. ಅವರು ಯಾರ ಮುಖವನ್ನು ಬೇಕಾದರೂ ಹಾಕಿಕೊಳ್ಳಬಲ್ಲವರು. ಅಣ್ಣನ ಮುಖ ಹಾಕಿಕೊಂಡು ಬಂದು ತಮ್ಮನ ಎತ್ತು ಹೊಡೆದುಕೊಂಡು ಹೋದರು. ಅತ್ತೆಯ ಮುಖ ಹಾಕಿಕೊಂಡು ಬಂದು ಸೊಸೆಯ ಮೂಗುತಿ ಬಿಚ್ಚಿಸಿಕೊಂಡರು. ಮನೆಯವರೇ ಮನೆಯವರನ್ನು ನಂಬದಂತಾಯಿತು.

ಆಗ ಗೂಢಾಕ್ಷ ಎಂಬ ಮಾಂತ್ರಿಕ ಅರಮನೆಗೆ ಬಂದ. "ಮಹಾಪ್ರಭು, ಪ್ರತಿಯೊಬ್ಬರ ಮುಂಗೈಗೆ ಒಂದು ಗಿಳಿಯ ಹಚ್ಚೆ ಹಾಕುತ್ತೇನೆ. ಕೈ ಚಾಚಿದರೆ ಸಾಕು, ಗಿಳಿ ಅವರ ನಿಜವಾದ ಹೆಸರು ಹೇಳುತ್ತದೆ. ಮುಖ ಸುಳ್ಳಾಡಬಹುದು, ಗಿಳಿ ಸುಳ್ಳಾಡದು," ಎಂದ. ರಾಜ ಒಪ್ಪಿದ. ಜನ ಸಾಲುಗಟ್ಟಿ ನಿಂತು ಹಚ್ಚೆ ಹಾಕಿಸಿಕೊಂಡರು. ಸಂಕವ್ವನೂ ಹಾಕಿಸಿಕೊಂಡಳು. ಅವಳ ತಾಮ್ರದ ಹಂಡೆಯನ್ನೂ ಮುಖಗಳ್ಳರು ಹೊತ್ತುಕೊಂಡು ಹೋಗಿದ್ದರಲ್ಲ! ಕೆಲವು ಕಳ್ಳರು ಸಿಕ್ಕಿಬಿದ್ದರು, ಉಳಿದವರು ಓಡಿಹೋದರು. ಜನ ಗೂಢಾಕ್ಷನನ್ನು ಹೊಗಳಿದ್ದೇ ಹೊಗಳಿದ್ದು.

ಆಮೇಲೆ ಗಿಳಿ ಇಲ್ಲದವರಿಗೆ ಬಾವಿಯ ಹಗ್ಗ ಸಿಗಲಿಲ್ಲ. ಉಪ್ಪಿನ ಅಂಗಡಿಯವನು ಉಪ್ಪು ಅಳೆಯಲಿಲ್ಲ. ಕೋಟೆಯ ಬಾಗಿಲು ಒಳಕ್ಕೂ ತೆರೆಯಲಿಲ್ಲ, ಹೊರಕ್ಕೂ ತೆರೆಯಲಿಲ್ಲ.

ಸಂಕವ್ವನ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಗಿಳಿ ಇಲ್ಲದ ಒಬ್ಬಳಿದ್ದಳು. ಅವಳ ಹೆಸರು ಮಾಳಿ. ಕೋಟೆಯ ದಳವಾಯಿ ಭೈರನಾಯಕನ ಹೆಂಡತಿ. ಕುತ್ತಿಗೆಯ ಮೇಲೆ ಕಾಯಿಸಿದ ಕಬ್ಬಿಣದ ಬರೆ ಇತ್ತು. ಹಚ್ಚೆ ಹಾಕುವ ಮೊದಲೇ ಗಂಡನ ಮನೆಯಿಂದ ತಪ್ಪಿಸಿಕೊಂಡು ಬಂದು ಖಾನಾವಳಿಯ ಮೂಲೆಯಲ್ಲಿ ಮುದುರಿ ಕೂತಾಗಲೂ ಸಂಕವ್ವ ಕೇಳಿದ್ದು, "ಎಷ್ಟು ರೊಟ್ಟಿ ತಂಗಿ?" ಅಷ್ಟೇ. ಉಳಿದದ್ದನ್ನು ಮಾಳಿಯೇ ಹೇಳಿಕೊಂಡಳು, ತನಗೆ ಹೇಳಬೇಕು ಅನ್ನಿಸಿದ ದಿನ.

ಒಂದು ಬೆಳಿಗ್ಗೆ ಡಂಗುರದವನು ಬೀದಿಗೆ ಬಂದ. "ಕೇಳ್ರಪ್ಪೋ ಕೇಳಿ! ನಾಳೆ ಹುಣ್ಣಿಮೆ! ನಾಳೆ ಸಂಜೆಯಿಂದ ಎಲ್ಲರ ಗಿಳಿಗಳೂ ಗೂಢಾಕ್ಷರ ಗೋಪುರಕ್ಕೆ ಹಾರಿ, ತಾವು ಕಂಡದ್ದು ಕೇಳಿದ್ದು ಎಲ್ಲಾ ಒಪ್ಪಿಸಿ ಬರುತ್ತವೆ! ಬಟ್ಟೆ ಸುತ್ತಿದರೆ ಗಿಳಿ ಬಾಯಿ ಮುಚ್ಚೀತು, ಹಾರೋದನ್ನು ಬಟ್ಟೆ ತಡೆಯೋದಿಲ್ಲ! ನಾಡಿನ ಕ್ಷೇಮಕ್ಕಾಗಿ!"

ಪಕ್ಕದ ಮನೆಯ ನಿಂಬವ್ವ ಜಗುಲಿಯಿಂದಲೇ ಕೂಗಿದಳು: "ಒಳ್ಳೇದೇ ಆತು ಬಿಡ, ಸಂಕವ್ವಕ್ಕ. ನಾವೇನ ಕಳ್ಳರೇನ? ಮುಚ್ಚಿಡಾಕ ನಮ್ಮದೇನೈತಿ?"

"ನೀನು ಮೈ ತೊಳಕೊಳ್ಳುವಾಗ ಬಾಗಲಾ ಹಾಕ್ಕೋತಿಯಲ್ಲ, ಒಳಗ ಕದ್ದ ಮಾಲು ತೊಳೀತಿಯೇನ?"

ನಿಂಬವ್ವ ಸೆರಗು ಕೊಡವಿಕೊಂಡು ಒಳಗೆ ಹೋದಳು.

ಸಂಕವ್ವನಿಗೆ ನಗು ಬರಲಿಲ್ಲ. ಮುಂಗೈ ನೋಡಿಕೊಂಡಳು. ಆ ಹಸಿರು ಗಿಳಿ ದಿನವೂ ಮಾಳಿಯನ್ನು ಕಂಡಿತ್ತು. ಅವಳ ಬರೆ ಕಂಡಿತ್ತು, ಅವಳ ಅಳು ಕೇಳಿತ್ತು. ನಾಳೆ ಸಂಜೆ ಅದು ಬಾಯಿ ಬಿಟ್ಟರೆ ದಳವಾಯಿ ಬಾಗಿಲು ಒಡೆದು ಬರುತ್ತಾನೆ. ಮಾಳಿಯನ್ನು ಬೇರೆ ಊರಿಗೆ ಕಳಿಸೋಣವೆಂದರೆ ಗಿಳಿ ಇಲ್ಲದವಳಿಗೆ ಕೋಟೆಯ ಬಾಗಿಲು ತೆರೆಯದು. ಸಂಕವ್ವ ಬೂದಿ ಹಾಕಿ ಮುಂಗೈ ಉಜ್ಜಿದಳು, ಸುಣ್ಣ ಹಾಕಿ ಉಜ್ಜಿದಳು, ಇಟ್ಟಿಗೆ ಚೂರಿನಿಂದ ಉಜ್ಜಿದಳು. ರಕ್ತ ಬಂತು, ಗಿಳಿ ಹೋಗಲಿಲ್ಲ.

"ಅಕ್ಕಾ, ನಾನೇ ಅವನ ಹತ್ರ ಹೋಗಿಬಿಡ್ತೀನಿ. ನಿನ್ನ ಮನಿಗೆ ಬೆಂಕಿ ಹಚ್ಚತಾನ," ಎಂದಳು ಮಾಳಿ.

"ಈ ಮನಿ ನಾ ಕಟ್ಟಿದ್ದು. ಯಾರು ಒಳಗಿರಬೇಕು ಅನ್ನೋದೂ ನಾನ ಹೇಳಾಕಿ," ಎಂದಳು ಸಂಕವ್ವ. "ನೀ ಒಳಗಿನಿಂದ ಅಗುಳಿ ಹಾಕ್ಕೊ. ನಾ ಗೋಪುರಕ್ಕ ಹೋಗಿ ಬರತೀನಿ."

ಮರುದಿನ ಹೊತ್ತು ಮೂಡುವಾಗಲೇ ಕೋಟೆಯ ಬಾಗಿಲಲ್ಲಿ ಗಿಳಿಯಿಂದ ಹೆಸರು ಹೇಳಿಸಿ ಹೊರಬಿದ್ದು, ಸೆರಗನ್ನು ಮುಂಗೈಗೆ ಬಿಗಿಯಾಗಿ ಸುತ್ತಿಕೊಂಡು ಹೊರಟಳು.

ಗೋಪುರದ ದಾರಿಗೆ ಮೊದಲು ಅಡ್ಡವಾದದ್ದು ಒಂದು ಹೊಳೆ. ಹೊಳೆಯಲ್ಲಿ ಒಂದು ಮೊಸಳೆ. ದಾಟುವವರನ್ನು ಬೆನ್ನ ಮೇಲೆ ಹೊತ್ತು ದಾಟಿಸುವುದು ಅದರ ಕೆಲಸ. ಅದರ ಹೊಟ್ಟೆ ಊದಿಕೊಂಡು, ಬೆನ್ನು ನೀರಿನಿಂದ ನಾಲ್ಕೇ ಬೆರಳು ಮೇಲಿತ್ತು. ಸಂಕವ್ವ ಹತ್ತಿ ಕೂತಳು. ನಡುಹೊಳೆಗೆ ಬಂದ ಮೊಸಳೆ ನಿಂತುಬಿಟ್ಟಿತು.

"ಹೆಸರೇನು? ತಂದೆ ಯಾರು? ತಾಯಿ ಯಾರು? ಯಾವ ದೇವರಿಗೆ ನಡೆದುಕೊಳ್ಳುತ್ತೀಯ? ಯಾವ ಕಾಯಿಲೆ ಇದೆ? ಯಾರ ಮನೆಗೆ ಹೋಗುತ್ತೀಯ, ಯಾಕೆ ಹೋಗುತ್ತೀಯ? ಸೆರಗು ಬಿಚ್ಚು, ಗಿಳಿ ತೋರಿಸು. ಇಲ್ಲದಿದ್ದರೆ ಮುಳುಗುತ್ತೇನೆ."

"ಹೊಳಿ ದಾಟಸಾಕ ಇಷ್ಟೆಲ್ಲಾ ಯಾಕ ಬೇಕು ನಿನಗ? ನಿನ್ನ ಬೆನ್ನಿಗೆ ಬೇಕಾಗಿದ್ದು ನನ್ನ ತೂಕ. ತೂಕ ಬೆನ್ನ ಮ್ಯಾಲ ಐತಿ. ನಡಿ."

"ಮುಳುಗುತ್ತೇನೆ ಅಂದೆ!"

"ಮುಳುಗು. ನಾನೂ ಮುಳುಗತೀನಿ. ಆದರ ಹೇಳಂಗಿಲ್ಲ."

ಮೊಸಳೆ ನೀರೊಳಗೆ ಇಳಿಯಿತು. ನೀರು ಸಂಕವ್ವನ ಸೊಂಟಕ್ಕೆ ಬಂತು, ಎದೆಗೆ ಬಂತು, ಗದ್ದಕ್ಕೆ ಬಂತು. ಅವಳು ಹಲ್ಲು ಕಚ್ಚಿ ಕೂತಳು. ಆಗ ಮೊಸಳೆಯೇ ಏದುಸಿರು ಬಿಡುತ್ತಾ ಮೇಲೆದ್ದಿತು.

"ಆಗೋದಿಲ್ಲವ್ವಾ ನನ್ನ ಕೈಲಿ. ಕೇಳಿದ ಉತ್ತರವೆಲ್ಲಾ ನುಂಗಿ ಇಟ್ಟುಕೊಳ್ಳಬೇಕು ಅಂತ ಗೂಢಾಕ್ಷನ ಅಪ್ಪಣೆ. ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂತಿವೆ. ಇನ್ನೊಂದು ಸಲ ಮುಳುಗಿದರೆ ಏಳೋದಿಲ್ಲ."

"ಮತ್ತ ಕೇಳೂದು ಬಿಡ. ತೂಕ ಅಷ್ಟ ನೋಡು."

ಮೊಸಳೆ ಇನ್ನೇನೂ ಕೇಳದೆ ಆಚೆ ದಡಕ್ಕೆ ಮುಟ್ಟಿಸಿತು. ಸಂಕವ್ವ ಒದ್ದೆ ಸೀರೆ ಹಿಂಡಿಕೊಂಡು ಮುಂದೆ ನಡೆದಳು.

ಎರಡನೆಯದಾಗಿ ಅಡ್ಡವಾದದ್ದು ಒಂದು ಕಣಿವೆ. ಕಣಿವೆಯ ಬಾಯಲ್ಲಿ ಆನೆಯಷ್ಟು ಎತ್ತರದ ಒಂದು ನವಿಲು. ಅದರ ಬಾಲದ ಕಣ್ಣುಗಳೆಲ್ಲ ನಿಜವಾದ ಕಣ್ಣುಗಳು. ನಿದ್ದೆ ಇಲ್ಲದೆ ಕೆಂಪಾಗಿ, ಒಂದೇ ಸಮನೆ ನೀರು ಸುರಿಸುತ್ತಿದ್ದವು.

"ಗಂಟು ಬಿಚ್ಚು, ಸೆರಗು ಬಿಚ್ಚು, ಮನಸ್ಸು ಬಿಚ್ಚು. ನಾನು ಎಲ್ಲಾ ನೋಡಬೇಕು," ಎಂದಿತು ನವಿಲು.

"ನಿನ್ನ ಕಾವಲು ಎದಕ್ಕ? ಆಯುಧ ಒಳಗ ಹೋಗಬಾರದು ಅಂತ ಹೌದಲ್ಲೋ? ತಗೋ, ಈರುಳ್ಳಿ ಕೊಯ್ಯೋ ಈಳಿಗಿ. ಬರುವಾಗ ಒಯ್ತೀನಿ. ಇದರ ಮ್ಯಾಲ ನೋಡೂದು ಏನೂ ಇಲ್ಲ."

ನವಿಲು ಅವಳನ್ನು ಹೆದರಿಸಲಿಲ್ಲ. ದನಿ ತಗ್ಗಿಸಿ, ಗೆಳತಿಯ ಹಾಗೆ ಮಾತಾಡಿತು. "ನಿನ್ನದು ನೋಡೋದು ಬೇಡ, ಬಿಡು. ಬೇರೆಯವರದು ನಿನಗೆ ತೋರಿಸಲೇ? ಬಿಟ್ಟುಹೋದ ನಿನ್ನ ಗಂಡ ಈಗ ಎಲ್ಲಿದ್ದಾನೆ, ಯಾರ ಜೊತೆ ಇದ್ದಾನೆ, ನಿನ್ನ ಬಗ್ಗೆ ಏನು ಅನ್ನುತ್ತಾನೆ, ಎಲ್ಲಾ ಈ ಒಂದು ಕಣ್ಣಿನಲ್ಲಿದೆ. ಬಗ್ಗಿ ನೋಡು. ಬದಲಿಗೆ ಸೆರಗು ಬಿಚ್ಚು, ಅಷ್ಟೇ."

ಸಂಕವ್ವನ ಕಾಲು ನಿಂತಿತು. ವರ್ಷಗಟ್ಟಲೆ ಹಿಟ್ಟು ನಾದುತ್ತಾ ಅವಳು ಕೇಳಿಕೊಂಡಿದ್ದ ಪ್ರಶ್ನೆ ಅದೊಂದೇ. ಆ ಕಣ್ಣಿನೊಳಗೆ ಏನೋ ಮಿಸುಕಾಡಿತು. ಒಬ್ಬ ಗಂಡಸಿನ ಹೆಗಲಿನಂತೆ ಕಂಡಿತು. ಒಂದು ಹೆಜ್ಜೆ ಮುಂದಿಟ್ಟಳು. ಸೆರಗಿನ ಗಂಟಿಗೆ ಕೈ ಹೋಯಿತು.

ಆಗ ಅವಳಿಗೆ ದಳವಾಯಿ ನೆನಪಾದ. ಬಿಟ್ಟುಹೋದವಳು ಎಲ್ಲಿದ್ದಾಳೆ ಎಂದು ಅವನೂ ಹೀಗೇ ಬಗ್ಗಿ ನೋಡಲು ನಿಂತಿದ್ದಾನೆ.

"ಬ್ಯಾಡ," ಎಂದಳು. "ಹೇಳಿ ಹೋಗಬೇಕು ಅಂತ ಅವಗ ಅನ್ನಿಸಲಿಲ್ಲ. ನನಗ ಸಿಟ್ಟೈತಿ, ಇರಲಿ. ಕದ್ದು ನೋಡಾಕಿ ನಾನಲ್ಲ." ಕಣ್ಣು ಒರೆಸಿಕೊಂಡು, ಉಟ್ಟ ಸೀರೆಯ ಅಂಚು ಹರಿದು ನವಿಲಿನ ಆ ಕಣ್ಣಿಗೆ ಕಟ್ಟಿದಳು. "ನೀನೂ ನೋಡಬ್ಯಾಡ. ಎಷ್ಟು ಕೆಂಪಾಗ್ಯಾವ ನೋಡ, ಪಾಪ."

ಬಟ್ಟೆಯಡಿ ಆ ಒಂದು ಕಣ್ಣು ಮುಚ್ಚಿತು. ಅದು ಮುಚ್ಚಿದ್ದೇ ತಡ ನವಿಲಿಗೆ ಆಕಳಿಕೆ ಬಂತು.

"ಅಬ್ಬಾ! ಕಣ್ಣು ಮುಚ್ಚಿದರೆ ಹೀಗಿರುತ್ತದೆಯೇ?" ಎಂದಿತು. "ಕೇಳು. ಗೂಢಾಕ್ಷನ ಮಂತ್ರ ಒಂದೇ ಮಾತಿನ ಮೇಲೆ ನಿಂತಿದೆ: ಈ ನಾಡಿನಲ್ಲಿ ಯಾರಿಗೂ ಸ್ವಂತ ವಿಷಯ ಎಂಬುದಿಲ್ಲ. ಮಂತ್ರ ಕಟ್ಟಿದವನೇ ಒಮ್ಮೆ 'ಇದು ನನ್ನ ಸ್ವಂತದ್ದು' ಅಂದರೆ ಮುರಿದು ಬೀಳುತ್ತದೆ. ಆದರೆ ಅವನು ಯಾಕೆ ಅಂದಾನು? ಅವನ ಮೈಮೇಲೆ ಗಿಳಿಯೇ ಇಲ್ಲ."

"ಹೌದಾ? ಅವಗ ಇಲ್ಲಾ?" ಎಂದಳು ಸಂಕವ್ವ. ಅವಳ ನಡಿಗೆ ಜೋರಾಯಿತು.

ಗೋಪುರ ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ಮೇಲುಪ್ಪರಿಗೆಯಲ್ಲಿ ಸಾಲು ಸಾಲು ಕೋಲುಗಳು, ಗಿಳಿಗಳು ಬಂದು ಕೂರಲೆಂದು. ಮೊದಲ ಹಾರಾಟ ನೋಡಲು ರಾಜ ಮಲ್ಲಭೂಪ ಬಂದು ಕೂತಿದ್ದ. ಅವನ ಪಕ್ಕದಲ್ಲಿ ದಳವಾಯಿ ಭೈರನಾಯಕ ಮೀಸೆ ತಿರುವುತ್ತಾ ನಿಂತಿದ್ದ. ನಡುವೆ ಗೂಢಾಕ್ಷ, ರೇಷ್ಮೆಯ ಅಂಗಿ, ಕಾಡಿಗೆಯಂಥ ಕರಿ ಮೀಸೆ.

ಸಂಕವ್ವ ರಾಜನಿಗೆ ಕೈಮುಗಿದಳು. "ದೊರೆಯೇ, ಗಿಳಿ ಹೆಸರು ಹೇಳಲಿ, ಬ್ಯಾಡ ಅನ್ನಂಗಿಲ್ಲ. ಕಳ್ಳರು ಬಂದಿದ್ದು ಖರೆ. ಹೆಸರಿನ ಮ್ಯಾಲ ಒಂದು ಮಾತೂ ಹೇಳಬಾರದು ಅಂತ ಅಪ್ಪಣೆ ಕೊಡ್ರಿ."

"ನಾಡಿನ ಭದ್ರತೆ ಮುಖ್ಯವಮ್ಮಾ. ತಪ್ಪು ಮಾಡದವರಿಗೆ ಭಯವೇಕೆ?" ಎಂದ ರಾಜ. ಕೆಟ್ಟವನಲ್ಲ, ಹೇಳಿಕೊಟ್ಟದ್ದನ್ನು ಹೇಳಿದ.

ಗೂಢಾಕ್ಷ ಮೆಲ್ಲಗೆ ನಕ್ಕ. "ಇಷ್ಟು ದೂರ ಓಡಿ ಬಂದಿದ್ದೀಯ ಅಂದರೆ ಏನೋ ಮುಚ್ಚಿಟ್ಟಿದ್ದೀಯ, ತಾಯಿ. ಯಾರನ್ನು? ನೀನೇ ಹೇಳಿಬಿಡು. ಅರಮನೆಯ ಅಡುಗೆಮನೆಗೆ ನಿನ್ನನ್ನೇ ಒಡತಿ ಮಾಡುತ್ತೇನೆ."

"ನನ್ನ ಅಡಗಿಮನಿಗೆ ನಾನ ಒಡತಿ ಅದೀನಿ. ಅಷ್ಟ ಸಾಕು. ನಿನ್ನ ಗಿಳಿ ಎಲ್ಲೈತಿ? ಮೊದಲು ನೀ ತೋರಸು."

"ನಾನು ಕಾಯುವವನು. ಕಾಯುವವನಿಗೆ ಗಿಳಿ ಬೇಕಿಲ್ಲ."

ಅಷ್ಟರಲ್ಲಿ ಹೊತ್ತು ಮುಳುಗಿತು. ಊರಿನ ಕಡೆಯಿಂದ ಹಸಿರು ಮೋಡದಂತೆ ಗಿಳಿಗಳು ಎದ್ದವು. ಸಂಕವ್ವನ ಸೆರಗಿನೊಳಗಿಂದಲೂ ಅವಳ ಗಿಳಿ ರೆಕ್ಕೆ ಬಡಿಯುತ್ತಾ ಹೊರಬಂತು. ಕೋಲಿನ ಮೇಲೆ ಕೂರುವ ಮೊದಲೇ ಸಂಕವ್ವ ಗಬಕ್ಕನೆ ಹಿಡಿದಳು. ಬಡಿದ ರೊಟ್ಟಿಯನ್ನು ಕಾದ ಹೆಂಚಿಗೆ ಹಾಕುವ ಹಾಗೆ, ಒಂದೇ ಏಟಿಗೆ, ಗೂಢಾಕ್ಷನ ಬೋಳು ಮುಂಗೈಗೆ ಚಪ್ಪನೆ ಅಂಟಿಸಿದಳು.

ಯಾರ ಮುಂಗೈ ಮೇಲೆ ಕೂತರೆ ಅವರ ಹೆಸರು ಮಾತ್ರವಲ್ಲ, ಅವರು ಮಾಡಿದ್ದು ಆಡಿದ್ದೆಲ್ಲವನ್ನೂ ಹೇಳುವುದು ಹುಣ್ಣಿಮೆಯ ಗಿಳಿಯ ಗುಣ. ಅದು ಕೊಕ್ಕು ತೆರೆಯಿತು.

"ಇವನು ಗೂಢಾಕ್ಷ. ಬೆಳಿಗ್ಗೆ ಶತ್ರುರಾಜನ ದೂತನಿಗೆ, ಮಲ್ಲಭೂಪ ಯಾವ ಕೋಣೆಯಲ್ಲಿ ಮಲಗುತ್ತಾನೆಂದು ಹೇಳಿದ."

ರಾಜ ಎದ್ದು ನಿಂತ. "ಹುಚ್ಚು ಗಿಳಿ ಪ್ರಭು, ನಂಬಬೇಡಿ," ಎಂದ ಗೂಢಾಕ್ಷ, ತುಸುವೂ ಅಳುಕದೆ.

"ಮಧ್ಯಾಹ್ನ ದಳವಾಯಿ ಬಂದಿದ್ದ. ಓಡಿಹೋದ ಹೆಂಡತಿ ಎಲ್ಲಿದ್ದಾಳೆಂದು ಇವತ್ತು ರಾತ್ರಿ ಹೇಳುತ್ತೇನೆ ಎಂದು ಇವನು ಮಾತು ಕೊಟ್ಟ. ದಳವಾಯಿ ಈ ಸಲ ಬರೆ ಮುಖಕ್ಕೇ ಹಾಕುತ್ತೇನೆ ಎಂದ."

ಭೈರನಾಯಕ ಕತ್ತಿಗೆ ಕೈ ಹಾಕಿದ. ಗೂಢಾಕ್ಷ ಆಗಲೂ ನಗುತ್ತಲೇ ಇದ್ದ.

"ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡು, ಕನ್ನಡಿಯ ಮುಂದೆ ಕೂತು, ಬಿಳಿ ಮೀಸೆಗೆ ಹೆಂಚಿನ ಮಸಿ ಬಳಿದುಕೊಂಡ. ಮೂಗಿಗೂ ಹತ್ತಿತು. ಉಗುಳು ಹಚ್ಚಿ ಒರೆಸಿಕೊಂಡ..."

"ಮುಚ್ಚು ಬಾಯಿ!" ಗೂಢಾಕ್ಷ ಕಿರುಚಿದ. "ಅದು ನನ್ನ ಸ್ವಂತ ವಿಷಯ!"

ಆ ಮಾತು ಬಿದ್ದದ್ದೇ ತಡ ಗೋಪುರ ಒಣ ರೊಟ್ಟಿಯಂತೆ ಲಟಲಟನೆ ಬಿರುಕು ಬಿಟ್ಟಿತು. ಗಿಳಿಗಳೆಲ್ಲ ಹಚ್ಚೆಯ ಬಣ್ಣ ಉದುರಿಸಿ ನಿಜವಾದ ಗಿಳಿಗಳಾಗಿ, ಕೀಚು ಕೀಚು ಎನ್ನುತ್ತಾ ಕಾಡಿನ ಕಡೆ ಹಾರಿದವು. ಮೊಸಳೆಯ ಹೊಟ್ಟೆಯ ಉತ್ತರಗಳು ನೊರೆಯಾಗಿ ಹರಿದುಹೋದವು. ನವಿಲಿನ ಕಣ್ಣುಗಳೆಲ್ಲ ಒಟ್ಟಿಗೆ ಮುಚ್ಚಿಕೊಂಡವು. ಮಂತ್ರ ಕಳೆದುಕೊಂಡ ಗೂಢಾಕ್ಷ ಬಿಳಿ ಮೀಸೆಯ ಬರಿ ಮುದುಕನಾಗಿ ನಿಂತ. ರಾಜಭಟರು ಅವನನ್ನೂ ದಳವಾಯಿಯನ್ನೂ ಹಿಡಿದು ಸೆರೆಗೆ ಒಯ್ದರು.

ರಾಜ ಸಂಕವ್ವನ ಮುಂದೆ ತಲೆ ತಗ್ಗಿಸಿದ. "ನಾನು ತಪ್ಪಿದೆ. ಆದರೆ ಮುಖಗಳ್ಳರು ಮತ್ತೆ ಬಂದರೆ?"

"ಬರತಾರ. ಬಾಗಲಾ ಕಾಯಬ್ಯಾಡ ಅಂತ ನಾ ಅಂದೆನೇನ? ಪ್ರತಿ ಬಾಗಲದಾಗೂ ಆ ಬಾಗಲಕ್ಕ ಬೇಕಾದಷ್ಟ ಕೇಳ್ರಿ. ಕೇಳಿದ್ದನ್ನ ಕೂಡಿಟ್ಟು ಮಾರಬ್ಯಾಡ್ರಿ. ಕೇಳಾಂವ ಯಾರು ಅಂತ ಕೇಳೋ ಹಕ್ಕು ನಮಗೂ ಇರಲಿ."

ರಾಜ ಅಲ್ಲೇ ಹಾಗೆ ಶಾಸನ ಮಾಡಿದ. ಆಮೇಲೆ ಕೇಳಿದ: "ನೀನು ಕಾಯುತ್ತಿರುವ ಆ ದಳವಾಯಿಯ ಹೆಂಡತಿ ಎಲ್ಲಿದ್ದಾಳೆ, ತಾಯಿ? ಅವಳಿಗೆ ಮನೆ ಕೊಡುತ್ತೇನೆ, ಹೊಲ ಕೊಡುತ್ತೇನೆ."

"ಹೇಳಂಗಿಲ್ಲ."

"ಒಳ್ಳೆಯದಕ್ಕೇ ಕೇಳುತ್ತಿದ್ದೇನೆ!"

"ಗೊತ್ತೈತ್ರಿ. ಆದರೂ ಅದು ಆಕಿ ಹೇಳೋ ಮಾತು. ಆಕಿಗೆ ಬೇಕನ್ನಿಸಿದರ ನಿಮ್ಮ ಬಾಗಲಾ ಆಕೀನ ಬಡೀತಾಳ. ಆವಾಗ ತಗೀರಿ."

ರಾಜ ಮತ್ತೆ ಕೇಳಲಿಲ್ಲ.

ಸಂಕವ್ವ ನವಿಲಿನ ಬಳಿಯಿಂದ ಈಳಿಗೆ ತೆಗೆದುಕೊಂಡು, ಮೊಸಳೆಯ ಬೆನ್ನೇರಿ ಮನೆಗೆ ಬಂದಳು. ಮರುದಿನ ಬಿಸಿಲು ಚೆನ್ನಾಗಿ ಏರಿದ ಮೇಲೆ ಮಾಳಿ ಹಿಂದಿನ ಕೋಣೆಯ ಅಗುಳಿ ತೆಗೆದಳು. ಕೊಡ ಎತ್ತಿಕೊಂಡಳು. ಅಡುಗೆಮನೆ ದಾಟಿ, ಪಡಸಾಲೆ ದಾಟಿ, ಊಟಕ್ಕೆ ಕೂತವರ ನಡುವೆಯೇ ಹಾದು, ಎಲ್ಲರೂ ನೋಡುವಂತೆ ಬಾವಿಯ ಕಡೆ ನಡೆದಳು. ಕುತ್ತಿಗೆಗೆ ಸೆರಗು ಮುಚ್ಚಿಕೊಳ್ಳಲಿಲ್ಲ.

ನಿಂಬವ್ವ ಜಗುಲಿಯಿಂದ ಕತ್ತು ಉದ್ದ ಮಾಡಿದಳು. "ಸಂಕವ್ವಕ್ಕ, ಯಾರ ಆಕಿ? ಎಲ್ಲಿಯಾಕಿ?"

"ಆಕೀನ ಕೇಳ. ಹೇಳಿದರ ಕೇಳಿಸ್ಕೊ, ಹೇಳದಿದ್ದರ ಒಳಗ ಹೋಗು," ಎಂದಳು ಸಂಕವ್ವ, ಹಿಟ್ಟಿನ ಕೈ ಕೊಡವುತ್ತಾ.

ಅಂದಿನಿಂದ ನವಿಲುಕೋಟೆಯ ಜನ ತಂತಮ್ಮ ಬಾಗಿಲ ಅಗುಳಿಯನ್ನು ತಂತಮ್ಮ ಕೈಯಲ್ಲೇ ಇಟ್ಟುಕೊಂಡು, ಬೇಕಾದವರಿಗೆ ತೆರೆದು, ಬೇಡವಾದಾಗ ಹಾಕಿಕೊಂಡು, ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿ, ಸುಖವಾಗಿ ಬಾಳಿದರು.