ಬಾಯಿ ತೆರೆದ ಮಣ್ಣಿನ ನಾಯಿ

“ಬೇರೆ ಯಾವುದನ್ನಾದ್ರೂ ಎತ್ಕೊಳ್ಳಿ ಸಾರ್, ಬರೋ ಪಾಪ ಬರ್ಲಿ. ಆ ಬಾಯಿ ತೆರೆದಿರೋ ನಾಯಿನ ಮಾತ್ರ ಮುಟ್ಬೇಡಿ.”

ಸೇತುವೆ ಕೆಲಸದವರ ಕ್ಯಾಂಟೀನಿನ ಶಾಂತಪ್ಪ ಅಡ್ಡ ನಿಂತು ಹೇಳಿದ. ಗಾಜಿನ ಸೇತುವೆ ಕಟ್ಟಿಸಲು ಮೈಸೂರಿನಿಂದ ಬಂದಿದ್ದ ಮ್ಯಾನೇಜರ್ ಲೋಹಿತ್ ನಕ್ಕುಬಿಟ್ಟ. “ಕಚ್ಚುತ್ತಾ ಶಾಂತಪ್ಪಾ? ಮೊದ್ಲೇ ಇಂಜೆಕ್ಷನ್ ಹಾಕಿಸ್ಕೊಂಡು ಬರ್ಲಾ?”

ಚೆಟ್ಟಳ್ಳಿಯಾಚೆಯ ಆ ದೇವರಕಾಡಿನಲ್ಲಿ, ಅಯ್ಯಪ್ಪನ ಕಲ್ಲಿನ ಸುತ್ತ, ಹರಕೆ ಹೊತ್ತವರು ತಲೆತಲಾಂತರದಿಂದ ಒಪ್ಪಿಸಿದ ಮಣ್ಣಿನ ನಾಯಿಗಳು ಪಾಚಿ ಹೊದ್ದು ಕುಳಿತಿದ್ದವು. ಕೆಲವಕ್ಕೆ ಕಿವಿಯಿಲ್ಲ, ಕೆಲವಕ್ಕೆ ಬಾಲವಿಲ್ಲ, ಕೆಲವು ಆಗಲೇ ಅರ್ಧ ಮಣ್ಣಿಗೆ ಮರಳಿದ್ದವು. ಎಲ್ಲವುಗಳ ಮೋರೆಯೂ ಕಾಡಿನ ಕತ್ತಲೆಯ ಕಡೆಗೆ. ನಡುವೆ ಒಂದೇ ಒಂದು ಹೊಸತು. ಕೆಂಪು ಮಾಸದ, ದವಡೆ ಅಗಲಿಸಿದ ನಾಯಿ. ಅದರಿಂದ ಸುಟ್ಟ ಕೂದಲಿನ, ಹಳಸಿದ ಕೋಳಿರಕ್ತದ ವಾಸನೆ ಹೊಮ್ಮುತ್ತಿತ್ತು.

“ಬಾಯಿ ಮುಚ್ಚಿರೋದು ಹರಕೆ ನಾಯಿ. ತೆರೆದಿರೋದು ದೂರಿನ ನಾಯಿ ಸಾರ್, ಮಾಟದ ಮಣ್ಣು. ಮೋರೆ ಕಾಡಿನ ಕಡೆ ಇರೋವರ್ಗೂ ದೂರು ದೇವರ ಹತ್ರ ಇರುತ್ತೆ. ತಿರುಗಿಸಿದ್ರೆ, ತಿರುಗಿಸಿದವನ ಹತ್ರ ಬರುತ್ತೆ.”

“ಯಾರಿಟ್ಟಿದ್ದು?”

ಶಾಂತಪ್ಪ ನೆಲ ನೋಡಿದ. “ಮಾರಿ. ನಮ್ಮ ಬೋಜನ ಹೆಂಡ್ತಿ.”

ಲೋಹಿತನ ನಗು ಒಂದು ಗಳಿಗೆ ಅಳುಕಿತು. ಬೋಜ ಸೇತುವೆಯ ತಂತಿ ಬಿಗಿಯುತ್ತಿದ್ದವನು. ಜಡಿಮಳೆಯ ಮಧ್ಯಾಹ್ನ, “ಹಗ್ಗ ಕಟ್ಕೊಂಡು ಬಿಚ್ಕೊಂಡು ಕೂತ್ರೆ ಉದ್ಘಾಟನೆ ಮುಂದಿನ ವರ್ಷಕ್ಕೇ” ಎಂದು ಸೊಂಟದ ಹಗ್ಗ ಬಿಚ್ಚಿಸಿ ಅವನನ್ನು ನಡುಸೇತುವೆಗೆ ಅಟ್ಟಿದ್ದು ಲೋಹಿತನೇ. ಕಣಿವೆ ಬೋಜನನ್ನು ನುಂಗಿತು. ಪೊಲೀಸರ ಮುಂದೆ ಲೋಹಿತ್ ಹೇಳಿದ್ದು ಒಂದೇ ಮಾತು: “ಕುಡಿದಿದ್ದ.” ಕೂಲಿಯವರ ಲೈನ್ ಮನೆಯಿಂದ ಓಡಿಬಂದ ಮಾರಿ ಅವನ ಕಾಲು ಹಿಡಿದಿದ್ದಳು. “ನನ್ನ ಗಂಡ ಕುಡಿಯೋನಲ್ಲ ಅಂತ ಒಂದು ಮಾತು ಹೇಳಿ ಸಾರ್. ಒಂದೇ ಮಾತು.” ಅವನು ಕಾಲು ಕೊಡವಿಕೊಂಡಿದ್ದ.

ಈಗ ಬೆಳಗಾದರೆ ಉದ್ಘಾಟನೆ. ಮಡಿಕೇರಿಯ ಹೋಟೆಲುಗಳನ್ನೆಲ್ಲ ತುಂಬಿಸಬಲ್ಲ ಸೇತುವೆಯಿದು ಎಂದು ಅವನು ದೊಡ್ಡವರಿಗೆಲ್ಲ ಮಾತು ಕೊಟ್ಟಿದ್ದ. ಸೇತುವೆಯ ಬಾಗಿಲಲ್ಲಿ ಊರಿನ ಪರಂಪರೆ ಕಾಣಬೇಕು. ಜನ ಸೆಲ್ಫಿ ತೆಗೆಯಬೇಕು. ನಾಯಿಗಳನ್ನು ಎತ್ತಲು ಕರೆತಂದ ಆಳುಗಳು ಹಿಂದೆ ಸರಿದರು. ಅವನೇ ನಾಯಿಗಳನ್ನು ಜೀಪಿಗೆ ಹೇರಿದ. ಬಾಗಿಲ ಎರಡೂ ಬದಿಗೆ ಸಾಲಾಗಿಟ್ಟು, ಬರುವವರನ್ನು ನೋಡುವಂತೆ ಒಂದೊಂದರ ಮೋರೆಯನ್ನೂ ತಿರುಗಿಸಿದ. ಕಡೆಯದರ ತೆರೆದ ದವಡೆ ಬೆರಳಿಗೆ ಗೀರಿತು. ರಕ್ತ ಒಸರಿತು. ನೆಲಕ್ಕೆ ಒಂದು ಹನಿಯೂ ಬೀಳಲಿಲ್ಲ. ಮಣ್ಣು ಅದನ್ನು ಹೀರಿಕೊಂಡಿತು.

ಬೆಳಿಗ್ಗೆ ಮಂಜು ಕಣಿವೆಯನ್ನು ಹಾಲಿನ ಪಾತ್ರೆಯಂತೆ ತುಂಬಿತ್ತು. ಅತಿಥಿಗಳು ಬರುವ ಮುನ್ನ ಗಾಜು ಶುಭ್ರವಾಗಿದೆಯೇ ಎಂದು ನೋಡಲು ಲೋಹಿತ್ ಒಬ್ಬನೇ ಸೇತುವೆಯ ಮೇಲೆ ನಡೆದ. ಕಾಲಬಳಿ ಒಂದು ಕೆಸರಿನ ಗುರುತು ಕಂಡಿತು. ನಾಯಿಯ ಹೆಜ್ಜೆ. ಕೆಂಪಗೆ, ಹಸಿಯಾಗಿ.

ಕರವಸ್ತ್ರದಿಂದ ಒರೆಸಿದ. ಹೋಗಲಿಲ್ಲ. ಉಗುರಿನಿಂದ ಕೆರೆದ. ಗಾಜು ನುಣ್ಣಗಿತ್ತು.

ಗುರುತು ಗಾಜಿನ ಅಡಿಯಲ್ಲಿತ್ತು.

ಅಡಿಯಲ್ಲಿ ಇದ್ದುದು ಬರೀ ಮಂಜು, ಬರೀ ಆಳ. ಅವನು ನೋಡುತ್ತಿದ್ದಂತೆಯೇ ಪಕ್ಕದಲ್ಲಿ ಇನ್ನೊಂದು ಹೆಜ್ಜೆ ಮೂಡಿತು. ಮತ್ತೊಂದು. ಏದುಸಿರಿನ ಸದ್ದು ಕೇಳಿತು. ಸುಟ್ಟ ಕೂದಲಿನ ವಾಸನೆ ಮೂಗಿಗೆ ಅಡರಿತು. ಅವನು ಓಡಿದ. ಹೆಜ್ಜೆಗಳೂ ಓಡಿದವು. ಗಾಜಿನ ಕೆಳಗೆ, ತಲೆಕೆಳಗಾಗಿ, ಹಿಂಡುಹಿಂಡಾಗಿ. ಮುಂದೆ ಬಂದವು. ದಾರಿ ಕಟ್ಟಿದವು. ನಡುಸೇತುವೆಯಲ್ಲಿ ಅವನು ಜಾರಿ ಬಿದ್ದ. ಮುಖ ಗಾಜಿಗೆ ಬಡಿಯಿತು.

ಕೆಳಗಿನಿಂದ ಒಂದು ಅಂಗೈ ಒತ್ತಿತು. ಮನುಷ್ಯನ ಅಂಗೈ.

ಇನ್ನೊಂದು.

ಆಮೇಲೆ ಮುಖ. ಮಳೆನೀರು ಇಳಿಯುತ್ತಿದ್ದ, ರೆಪ್ಪೆ ಬಡಿಯದ ಮುಖ. ಬೋಜ!

“ಕುಡಿದಿರಲಿಲ್ಲ!” ಎಂದು ಕಿರುಚಲು ಲೋಹಿತ್ ಬಾಯಿ ತೆರೆದ. ಮಾತು ಹೊರಡಲಿಲ್ಲ. ನಾಲಗೆ ತಣ್ಣಗಾಯಿತು. ಭಾರವಾಯಿತು. ಗಂಟಲಿನಿಂದ ಹಸಿಮಣ್ಣು ಉಕ್ಕಿತು. ಬಾಯಿ ಮುಚ್ಚಲು ನೋಡಿದ. ದವಡೆ ಮುಚ್ಚಲಿಲ್ಲ.

ತೆವಳಿಕೊಂಡು ಬಾಗಿಲಿಗೆ ಬಂದಾಗ ಮಂಜು ಹರಿಯುತ್ತಿತ್ತು. ಕಾರುಗಳು ಬಂದು ನಿಂತಿದ್ದವು. ವಾಲಗ ಊದುತ್ತಿದ್ದವರು ಅವನನ್ನು ಕಂಡು ನಿಲ್ಲಿಸಿದರು. ನಾಯಿಗಳ ಸಾಲಿನ ಬಳಿ ಮಾರಿ ಕುಕ್ಕರಗಾಲಲ್ಲಿ ಕುಳಿತಿದ್ದಳು. ಅವಳ ಮುಂದಿದ್ದ ಹೊಸ ನಾಯಿಯ ಬಾಯಿ ಮುಚ್ಚಿಕೊಂಡಿತ್ತು. ಒಡಕಿನ ಗೆರೆಯೂ ಇರಲಿಲ್ಲ.

ಲೋಹಿತ್ ಅವಳ ಕಾಲು ಹಿಡಿದ. ತನ್ನ ಬಾಯಿ ತೋರಿಸಿದ, ಕಣಿವೆ ತೋರಿಸಿದ, ಎದೆ ಬಡಿದುಕೊಂಡ. ಹೇಳುತ್ತೇನೆ, ಎಲ್ಲರ ಮುಂದೆ ಹೇಳುತ್ತೇನೆ, ನಾಲಗೆ ಬಿಡಿಸು ಎಂದು ಕಣ್ಣಲ್ಲೇ ಬೇಡಿದ.

“ಈಗ ಯಾಕೆ ಸಾರ್?” ಮಾರಿಯ ದನಿ ಮೆತ್ತಗಿತ್ತು. “ನಾನು ಕೇಳ್ದಾಗ ಬಾಯಿ ಚೆನ್ನಾಗೇ ಇತ್ತಲ್ಲ.”

ಶಾಂತಪ್ಪ ಕೈಮುಗಿದ. “ಬಿಟ್ಟುಬಿಡು ಮಾರಿ, ಸಾಕು.”

“ನಾನೆಲ್ಲಿ ಹಿಡ್ದಿದೀನಿ ಶಾಂತಪ್ಪಣ್ಣ? ತಿರುಗಿಸಿದ್ದು ಅವರೇ.”

ಅವಳು ಒಂದೊಂದೇ ನಾಯಿಯ ಮೋರೆಯನ್ನು ಕಾಡಿನ ಕಡೆಗೆ ತಿರುಗಿಸುತ್ತ ಬಂದಳು. ಸಾಲು ಮುಗಿಯಿತು. ಕೊನೆಗೆ, ಮೊಣಕಾಲೂರಿ ಕುಳಿತಿದ್ದ ಲೋಹಿತನ ಗಲ್ಲ ಹಿಡಿದಳು. ಹಸಿಮಣ್ಣಿನ ಬೊಂಬೆಯನ್ನು ತಿರುಗಿಸುವಷ್ಟೇ ಜೋಪಾನವಾಗಿ, ಅವನ ಮೋರೆಯನ್ನೂ ಕಾಡಿನ ಕಡೆಗೆ ತಿರುಗಿಸಿದಳು.

ಆ ಮೋರೆ ಮತ್ತೆ ಇತ್ತ ತಿರುಗಲಿಲ್ಲ.