ಹಸಿರು ತಂತಿಯ ತುದಿ

ದೂರು ಠಾಣೆಗೆ ಬಂದಾಗ ಬೆಳಿಗ್ಗೆ ಒಂಬತ್ತೂವರೆ. ತಂದವನು ಸತ್ತವಳ ಗಂಡ. ಹಿಂದಿನ ಸಂಜೆ ಬಚ್ಚಲುಮನೆಯಲ್ಲಿ ಕರೆಂಟು ಹೊಡೆದು ಹೆಂಡತಿ ತೀರಿಕೊಂಡಿದ್ದಳು. ಹಬೆ ಹೊರಗೆಳೆಯುವ ಫ್ಯಾನು ಕೂಡಿಸಿದ ಎಲೆಕ್ಟ್ರಿಷಿಯನ್ ಸೋರುವ ಕರೆಂಟನ್ನು ನೆಲಕ್ಕಿಳಿಸುವ ಅರ್ತ್ ತಂತಿ ಸೇರಿಸದೆ ಬಿಟ್ಟಿದ್ದಾನೆ, ಅವನೇ ಕೊಂದವನು ಎಂದು ಬರೆದಿದ್ದ. ಕೂರಿ ಅಂದರೆ ಕೂರಲಿಲ್ಲ. ಮನೆಯಲ್ಲಿ ಉಸಿರಾಟದ ಕಾಯಿಲೆಯ ಅಮ್ಮ ಇದ್ದಾಳೆ, ಆಕ್ಸಿಜನ್ ಮಷಿನ್ ನೋಡಿಕೊಳ್ಳಬೇಕು ಅಂದ. ತಂಗಿ ಬಂದಿದ್ದಾಳೆ ಎಂದು ತಾನೇ ಸಮಾಧಾನ ಹೇಳಿಕೊಂಡು ಮತ್ತೆ ಬಾಗಿಲ ಕಡೆ ನೋಡಿದ.

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿಕೊಂಡಳು. ಓದುತ್ತಿದ್ದಂತೆ ಅವಳ ಎದೆಯಲ್ಲಿ ಅವಲಕ್ಕಿ ಕುಟ್ಟತೊಡಗಿತು. ಅಂಥದ್ದೇ ಫ್ಯಾನು ಅವಳ ಮನೆಯಲ್ಲೂ ಇತ್ತು. ಹೊರಗೆ ಬಂದು ಮನೆಯಲ್ಲಿದ್ದ ತನ್ನ ತಂಗಿಗೆ ಫೋನು ಮಾಡಿ, ಇವತ್ತು ಅದನ್ನು ಹಾಕಬೇಡ ಅಂದಳು. ತಂಗಿ ನಕ್ಕಳು. ಅಕ್ಕ ಗ್ಯಾಸಿಗೂ ಹೀಗೇ ಹೆದರುತ್ತಾಳೆ, ಲಿಫ್ಟಿಗೂ ಹೀಗೇ.

ಹತ್ತೂವರೆಗೆ ಎಲೆಕ್ಟ್ರಿಷಿಯನ್ನನ್ನು ಕರೆತಂದರು. ಉಗುರು ಕಚ್ಚುತ್ತ ಬೆಂಚಿನ ತುದಿಗೆ ಕೂತ. ಹೆಡ್ ಕಾನ್‌ಸ್ಟೆಬಲ್ ಅವನನ್ನು ನೋಡಿದ್ದೇ, "ಕಳ್ಳನ ಮನಸ್ಸು ಹುಳ್ಳುಳ್ಳಗೆ" ಎಂದು ತೀರ್ಪು ಕೊಟ್ಟ. ಏನು ಕೇಳಿದರೂ ಆದಿಯಿಂದಲೇ ಶುರುಮಾಡುವ ಆತನಿಗೆ ಠಾಣೆಯಲ್ಲಿ 'ಪುರಾಣ' ಎಂದು ಹೆಸರು.

"ಅರ್ತ್ ಹಾಕಿದ್ದೆಯಾ?"

"ಹಾಕಿದ್ದೆ ಮೇಡಂ."

"ಏನು ಸಾಕ್ಷಿ?"

"ತಿರುಪು ಬಿಗಿ ಮಾಡೋದನ್ನ ಯಾರು ಮೇಡಂ ನಿಂತು ನೋಡ್ತಾರೆ?"

ಫ್ಯಾನನ್ನು ಕೈಗೆ, ನೀರಿಗೆ ಎಟುಕದ ಎತ್ತರದಲ್ಲಿಟ್ಟೆ, ಸ್ವಿಚ್ಚನ್ನು ಬಾಗಿಲ ಹೊರಗೆ ಕೂಡಿಸಿದೆ ಎಂದೂ ಹೇಳಿದ. ಲೈಸೆನ್ಸು ಹೋದರೆ ಎರಡು ಮಕ್ಕಳನ್ನು ಕಟ್ಟಿಕೊಂಡು ಏನು ಮಾಡಲಿ ಎಂದು ಕೇಳಿದ್ದು ಮಾತ್ರ ನೆಲಕ್ಕೆ.

ಮಧ್ಯಾಹ್ನ ವಿದ್ಯುತ್ ಇಲಾಖೆಯ ಅಧಿಕಾರಿಯನ್ನು ಕರೆದುಕೊಂಡು ಪಂಚನಾಮೆಗೆ ಸತ್ತವಳ ಮನೆಗೆ ಹೋದರು. ಬಚ್ಚಲುಮನೆ ಕಿರಿದು, ಗೋಡೆ ತೇವ. ಫ್ಯಾನು ನಿಜಕ್ಕೂ ಎತ್ತರದಲ್ಲಿತ್ತು. ಆದರೆ ಅದರ ಕಬ್ಬಿಣದ ಚೌಕಟ್ಟಿನಿಂದ ಎದುರು ಗೋಡೆಯ ಮೊಳೆಗೆ ಒಂದು ಉಕ್ಕಿನ ತಂತಿ ಜೋತುಬಿದ್ದಿತ್ತು. ಗಾಳಿಗೆ ಬಟ್ಟೆ ಬೇಗ ಆರಲೆಂದು ಸತ್ತವಳೇ ಕಟ್ಟಿಕೊಂಡದ್ದು. ಟವೆಲಿಗೆ ಕೈಯೆತ್ತಿದರೆ ಸಾಕು, ಎಟುಕದ ಫ್ಯಾನು ಅಂಗೈಗೇ ಇಳಿದು ಬರುತ್ತಿತ್ತು.

ಮುಚ್ಚಳ ಬಿಚ್ಚಿದರು. ಅರ್ತಿನ ಹಸಿರು ತಂತಿ ಹೊರಗೇ ಉಳಿದಿತ್ತು. ದೂರು ನಿಜವೇ ಎಂದು ಹೆಡ್ ಕಾನ್‌ಸ್ಟೆಬಲ್ ಬರೆಯಹೊರಟ. ಇನ್ಸ್‌ಪೆಕ್ಟರ್ ಟಾರ್ಚು ಹಿಡಿದು ತುದಿ ನೋಡಿದಳು. ಸೇರಿಸದೇ ಬಿಟ್ಟ ತಾಮ್ರ ದುಂಡಗಿರಬೇಕು. ಇದು ಚಪ್ಪಟೆಯಾಗಿತ್ತು, ತಿರುಪು ಕಚ್ಚಿದ ಗುರುತಿತ್ತು. ಒಮ್ಮೆ ಬಿಗಿದದ್ದನ್ನು ಆಮೇಲೆ ಯಾರೋ ಬಿಚ್ಚಿದ್ದರು.

ನಡುಮನೆಯಲ್ಲಿ ಟ್ರಿಪ್ ಸ್ವಿಚ್ ಇತ್ತು. ಎಲ್ಲಾದರೂ ಕರೆಂಟು ಸೋರಿದರೆ ಕಣ್ಣೆವೆ ಇಕ್ಕುವುದರೊಳಗೆ ಇಡೀ ಮನೆಯ ಲೈನನ್ನು ಕಡಿದುಹಾಕುವ ಸ್ವಿಚ್ಚು. ಪರೀಕ್ಷೆ ಮಾಡೋಣ ಎಂದು ಅಧಿಕಾರಿ ಕೈ ಎತ್ತಿದ. ಬೆರಳು ಗುಂಡಿಗೆ ತಾಗುವ ಮೊದಲೇ ಗಂಡ ಎದ್ದು ಅಮ್ಮನ ಕೋಣೆಯ ಬಾಗಿಲಲ್ಲಿದ್ದ. ಟಕ್ ಎಂದಿತು. ಮಷಿನ್ ನಿಂತು ಕೀಂ ಕೀಂ ಎಂದು ಕೂಗಿಕೊಂಡಿತು. ಅವನು ಅಷ್ಟರಲ್ಲಿ ಕೊಳವೆಯನ್ನು ಪಕ್ಕದ ಆಕ್ಸಿಜನ್ ಸಿಲಿಂಡರಿಗೆ ಬದಲಾಯಿಸಿಯಾಗಿತ್ತು.

ಸ್ವಿಚ್ಚು ಚೆನ್ನಾಗಿದೆ ಎಂದು ಅಧಿಕಾರಿ ಬರೆಸಿದ. ಇನ್ಸ್‌ಪೆಕ್ಟರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಇಷ್ಟು ಚೆನ್ನಾಗಿದ್ದರೆ ನಿನ್ನೆ ಯಾಕೆ ಕಡಿಯಲಿಲ್ಲ?

ಕರೆಂಟು ಮರಳಿದ ಮೇಲೆ ಮುದುಕಿಯ ಮಂಚದ ಬಳಿ ಹೋದಳು. ಸೊಸೆಯನ್ನು ನೆನೆದು ಅತ್ತು ಕಣ್ಣು ಬಾತಿದ್ದವು.

"ಅಮ್ಮಾ, ನಿನ್ನೆ ಸಂಜೆ ಮಷಿನ್ ನಿಂತಿತ್ತಾ?"

"ಇಲ್ಲಮ್ಮ. ಮುಂಚೆ ಅವಳು ಫ್ಯಾನು ಹಾಕಿದಾಗೆಲ್ಲ ನಿಂತುಹೋಗ್ತಿತ್ತು. ನನ್ನ ಮಗ ರಿಪೇರಿ ಮಾಡಿದ್ಮೇಲೆ ಒಂದು ಸಲಾನೂ ನಿಂತಿಲ್ಲ." ಉಸಿರು ಕೂಡಿಸಿಕೊಂಡು, "ಬಂಗಾರದಂಥ ಮಗ" ಎಂದಳು.

ಬಾಗಿಲಲ್ಲಿದ್ದ ಮಗ ಕಣ್ಣು ಮುಚ್ಚಿಕೊಂಡ.

ಹೊರಗಿನ ಮೆಟ್ಟಿಲ ಮೇಲೆ ಎಲ್ಲ ಹೇಳಿದ. ಫ್ಯಾನಿನೊಳಗೆ ಹಬೆ ಸೇರಿ ಕರೆಂಟು ಸೋರುತ್ತಿತ್ತು, ಟ್ರಿಪ್ ಸ್ವಿಚ್ ಕಡಿದು ಮನೆಯೆಲ್ಲ ಆರುತ್ತಿತ್ತು. ಒಮ್ಮೆ ಇಬ್ಬರೂ ಹೊರಗೆ ಹೋದಾಗ ಬಂದ ನೆಂಟರು ಫ್ಯಾನು ಹಾಕಿದ್ದರು. ಇವರು ತಿರುಗಿ ಬರುವಷ್ಟರಲ್ಲಿ ಅಮ್ಮನ ತುಟಿ ನೀಲಿಗಟ್ಟಿತ್ತು. ಅರ್ತ್ ಬಿಚ್ಚಿದರೆ ಸರಿಹೋಗುತ್ತದೆಂದು ಯಾವುದೋ ವಿಡಿಯೊದಲ್ಲಿ ನೋಡಿ ಬಿಚ್ಚಿದ. ಆದರೂ ಗೋಡೆಯ ತೇವಕ್ಕೆ ಸೋರಿ ಸ್ವಿಚ್ಚು ಕಡಿಯುತ್ತಲೇ ಇತ್ತು. ಕೊನೆಗೆ ಬಚ್ಚಲುಮನೆಯ ಲೈನನ್ನು ಟ್ರಿಪ್ ಸ್ವಿಚ್ಚಿನಿಂದ ತಪ್ಪಿಸಿ ನೇರ ಮೇನಿಗೆ ಕೊಟ್ಟ. ಹೆಂಡತಿ ಸತ್ತ ರಾತ್ರಿಯೇ ಅದನ್ನು ಮೊದಲಿನಂತೆ ಜೋಡಿಸಿದ. ಹಸಿರು ತಂತಿಯನ್ನು ಮಾತ್ರ ಹಾಗೇ ಬಿಟ್ಟ, ಎಲೆಕ್ಟ್ರಿಷಿಯನ್ ತಲೆಗೆ ಕಟ್ಟಲು.

"ಅತ್ತೆಗೆ ಉಸಿರು ಕಟ್ಟುತ್ತೆ ಅಂತ ಅವಳೇ ಫ್ಯಾನು ಹಾಕೋದು ಬಿಟ್ಟಿದ್ಲು ಮೇಡಂ. ಸರಿ ಮಾಡಿದೀನಿ, ಹೆದರದೆ ಹಾಕ್ಕೋ ಅಂತ ನಾನೇ ಹೇಳಿದ್ದು."

ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶ. ನಾಲ್ಕು ಗಂಟೆಗೆ ಬಂಧಿಸಿದರು. ಹೊರಡುವ ಮುನ್ನ ಸಿಲಿಂಡರ್ ಬದಲಾಯಿಸುವುದನ್ನು ತನ್ನ ತಂಗಿಗೆ ಹೇಳಿಕೊಟ್ಟ, ಅವಳ ಕೈಯಲ್ಲೇ ಮಾಡಿಸಿ ನೋಡಿದ. ಎಲ್ಲಿಗೋ ಎಂದ ಅಮ್ಮನಿಗೆ, ಠಾಣೆಯಲ್ಲಿ ಇನ್ನೂ ಬರೆಸುವುದಿದೆ ಅಂದ.

ಎಲೆಕ್ಟ್ರಿಷಿಯನ್ನನ್ನು ಬಿಟ್ಟು ಕಳಿಸಿದ ಮೇಲೆ ಇನ್ಸ್‌ಪೆಕ್ಟರ್ ಗಂಡನ ಹೇಳಿಕೆ ಬರೆಯತೊಡಗಿದಳು. ಕಾರಣದ ಹತ್ತಿರ ಬಂದಾಗ ಅವನು ಮೇಜಿನ ಅಂಚು ಹಿಡಿದುಕೊಂಡ.

"ಅಮ್ಮನಿಗೋಸ್ಕರ ಮಾಡಿದೆ ಅಂತ ಬರೀಬೇಡಿ. ಕೋರ್ಟಲ್ಲಿ ಓದ್ತಾರೆ, ಅಮ್ಮನ ಕಿವಿಗೆ ಬಿದ್ದೇ ಬೀಳುತ್ತೆ. ಆಮೇಲೆ ಅವಳು ಆ ಮಷಿನ್ ಮುಟ್ಟಲ್ಲ."

ಇನ್ಸ್‌ಪೆಕ್ಟರ್ ಬರೆದಳು: 'ಫ್ಯಾನು ಹಾಕಿದಾಗಲೆಲ್ಲ ಮನೆಯ ವಿದ್ಯುತ್ ಕಡಿತವಾಗುತ್ತಿದ್ದ ಕಾರಣ.' ಮತ್ತೊಮ್ಮೆ ಓದಿಕೊಂಡಳು. ಸುಳ್ಳು ಒಂದಕ್ಷರವೂ ಇರಲಿಲ್ಲ, ಆದರೂ ಎದೆಯ ಕುಟ್ಟಾಣಿ ನಿಲ್ಲಲಿಲ್ಲ.

ಹೆಡ್ ಕಾನ್‌ಸ್ಟೆಬಲ್ 'ಪುರಾಣ' ಆ ಹೇಳಿಕೆಯನ್ನು ಆರೋಪಿಗೆ ಗಟ್ಟಿಯಾಗಿ ಓದಿ ಹೇಳಿದ. ಆ ಸಾಲಿಗೆ ಬಂದಾಗ ಒಮ್ಮೆ ತಲೆಯೆತ್ತಿ ಅವಳನ್ನು ನೋಡಿದ. ಎಲ್ಲವನ್ನೂ ಆದಿಯಿಂದ ಹೇಳದೆ ಬಿಡದವನು ಏನೂ ಸೇರಿಸದೆ ಮುಂದಿನ ಸಾಲಿಗೆ ಹೋದ.