ದೇರಪ್ಪನ ಮೇಲ್ದವಡೆಯ ಹಲ್ಲು

1965ರ ಜೂನ್ ಒಂದು, ಮಂಗಳವಾರ, ಬೆಳಿಗ್ಗೆ ಹತ್ತೂವರೆಗೆ ಗಂಗಮ್ಮ ಮೂರ್ನಾಡಿನ ಪದ್ಮಯ್ಯನವರ ಅಂಗಳಕ್ಕೆ ಬಂದು ತಮ್ಮ ಮಗನ ಹಲ್ಲನ್ನು ವಾಪಸು ಕೇಳಿದರು.

ಚಪ್ಪಲಿ ಬಿಡಲಿಲ್ಲ, ಜಗಲಿ ಹತ್ತಲಿಲ್ಲ. ಕೊಡೆಯನ್ನು ಅಂಗಳದ ಮಣ್ಣಿಗೆ ಊರಿ ನಿಂತೇ ಮಾತಾಡಿದರು.

"ನನ್ನ ಹೈದನ ಹಲ್ಲು ನಿಮ್ಮ ಮನೇಲಿ ಉಟ್ಟು. ಅದ್ನ ಕೊಡಿ, ನಾ ಹೋನೆ."

ಪದ್ಮಯ್ಯ ಓದುತ್ತಿದ್ದ ಪತ್ರಿಕೆಯನ್ನು ಕೆಳಗಿಟ್ಟರು. "ಎಂತ ಹಲ್ಲು, ಗಂಗಕ್ಕ?"

"ನಂಗೆಂತ ಕೇಳ್ತೀರಿ? ನಿಮ್ಮ ಗೂಡೆನ ಕೇಳಿ."

ಪದ್ಮಯ್ಯನವರ ಗೂಡೆ, ಅಂದರೆ ಮಗಳು ಯಮುನ, ಆಗ ಜಗಲಿಯ ಮೂಲೆಯಲ್ಲೇ ಕೂತು ಬಟ್ಟೆ ಸೋಪಿನ ತುಂಡೊಂದನ್ನು ಚಾಕುವಿನಿಂದ ಕೆತ್ತುತ್ತಿದ್ದಳು. ಅವಳಿಗೆ ಹತ್ತೊಂಬತ್ತು ವರ್ಷ. ಮಡಿಕೇರಿ ಕಾಲೇಜಿನಲ್ಲಿ ಪಿ.ಯು.ಸಿ. ಮುಗಿಸಿ ಹಲ್ಲಿನ ಡಾಕ್ಟರ್ ಓದಿಗೆ ಅರ್ಜಿ ಹಾಕಿದ್ದಳು. ಹನ್ನೊಂದನೇ ತಾರೀಕು ಬೆಂಗಳೂರಿನಲ್ಲಿ ಪರೀಕ್ಷೆ. ಬಾಯಿಮಾತಿನ ಪ್ರಶ್ನೆಗಳ ಜೊತೆಗೆ ಕೈಕೆಲಸದ ಪರೀಕ್ಷೆಯೂ ಇತ್ತು: ಮೇಜಿನ ಮೇಲೆ ಇಟ್ಟ ಒಂದು ಹಲ್ಲನ್ನು ನೋಡಿ, ಅಂಥದ್ದೇ ಹಲ್ಲನ್ನು ಮೇಣದಲ್ಲಿ ಕೆತ್ತಿ ತೋರಿಸಬೇಕು. ಹೋದ ವರ್ಷ ಮೇಲ್ದವಡೆಯ ದೊಡ್ಡ ಹಲ್ಲು ಕೊಟ್ಟಿದ್ದರು ಎಂದು ಕಾಲೇಜಿನ ಮೇಷ್ಟ್ರು ಹೇಳಿದ್ದರು. "ಪುಸ್ತಕದ ಚಿತ್ರಕ್ಕೆ ಹಿಂಬದಿ ಇರೋದಿಲ್ಲಮ್ಮ. ನಿಜವಾದ ಹಲ್ಲು ಒಂದನ್ನ ಕೈಯಲ್ಲಿ ಹಿಡಿದು ತಿರುಗಿಸಿ ನೋಡು" ಎಂದೂ ಹೇಳಿದ್ದರು.

ಮೂರ್ನಾಡಿನಲ್ಲಿ ಒಂದು ಹಲ್ಲು ಸಂಪಾದಿಸುವುದು ಸುಲಭವಿರಲಿಲ್ಲ. ಬಿದ್ದ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಮನೆಯ ಮಾಡಿನ ಮೇಲೆ ಎಸೆಯುವುದು ರೂಢಿ. ಕೂದಲು, ಉಗುರು, ಹಲ್ಲು ಈ ಮೂರು ಪರರ ಕೈಗೆ ಸಿಕ್ಕಬಾರದು, ಸಿಕ್ಕಿದರೆ ಮಾಟ ಮಾಡುತ್ತಾರೆ. ಯಮುನ ಮೂರು ಮನೆ, ಎರಡು ಅಂಗಡಿ ಸುತ್ತಿ ಬರಿಗೈಯಲ್ಲಿ ಬಂದಿದ್ದಳು. ದಿನಸಿ ಅಂಗಡಿಯ ಮಾಯಿಲಪ್ಪನಂತೂ ಎರಡೂ ಕೈ ಬಾಯಿಗೆ ಅಡ್ಡ ಹಿಡಿದಿದ್ದ.

"ನನ್ನ ಬಾಯಲ್ಲಿ ಉಳಿದಿರುದು ನಾಲ್ಕು. ಅದರಲ್ಲಿ ಒಂದು ಅಲ್ಲಾಡುದು. ಬಿದ್ದರೂ ನಿಂಗೆ ಕೊಡುದಿಲ್ಲೆ ಗೂಡೆ. ನಾಳೆ ನಾ ಬಾಲ ಅಲ್ಲಾಡಿಸಿಕಂಡು ನಿನ್ನ ಹಿಂದೆ ಬಂದರೆ ನನ್ನ ಹೆಂಡತಿಗೆ ಉತ್ತರ ಯಾರು ಹೇಳುದು?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಸಕ್ಕರೆ ಕಟ್ಟಿಸಿಕೊಳ್ಳಲು ಬಂದಿದ್ದ ದೇರಪ್ಪ ಒಬ್ಬನೇ ನಗಲಿಲ್ಲ.

ದೇರಪ್ಪ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ರೈಟರ್, ಆಳುಗಳ ಹಾಜರಿ ಬರೆದು ಕೆಲಸ ನೋಡಿಕೊಳ್ಳುವವನು. ದೂರದ ನೆಂಟಸ್ತಿಕೆಯಲ್ಲಿ ಯಮುನಳಿಗೆ ಬಾವನಾಗಬೇಕು. ವಾರ ಕಳೆದ ಮೇಲೆ ಸೈಕಲ್ಲಿನಲ್ಲಿ ಬಂದು, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದದ ಪುಟ್ಟ ಪೊಟ್ಟಣವೊಂದನ್ನು ಅವಳ ಅಂಗೈಗೆ ಹಾಕಿದ. ಬಿಚ್ಚಿ ನೋಡಿದರೆ ಮೇಲ್ದವಡೆಯ ದೊಡ್ಡ ಹಲ್ಲು. ಮೂರು ಬೇರೂ ಮುರಿಯದೆ ಬಂದಿದ್ದವು.

"ಯಾರದು ಬಾವ?"

"ಎಸ್ಟೇಟಿನಲ್ಲಿ ಒಬ್ಬಂದು."

"ನಿಮ್ಮ ಕೆನ್ನೆಗೆ ಎಂತ ಆತ್?"

"ಕಣಜ ಕಚ್ಚಿತ್. ಮರದ ಗೆಲ್ಲು ಕಪಾತು ಮಾಡಿಸುವಾಗ."

ಮುಂದೆ ಹಲ್ಲಿನ ಡಾಕ್ಟರಾಗಬೇಕಾದ ಯಮುನ ಅದನ್ನು ನಂಬಿದಳು. ಅಡುಗೆಮನೆಗೆ ಓಡಿ ಹೋಗಿ, ಕಣಜದ ಕಡಿತಕ್ಕೆಂದು ಸುಣ್ಣ ತಂದು ಅವನ ಕೆನ್ನೆಗೆ ಹಚ್ಚಿದ್ದೂ ಅವಳೇ.

ಆಮೇಲೆ ಅವನು ಬಂದಾಗಲೆಲ್ಲ ಅವಳು ಹಲ್ಲನ್ನು ಬೆಳಕಿಗೆ ಹಿಡಿದು, ಅದರ ಯಜಮಾನನ ವಿಚಾರ ಹೇಳುತ್ತಿದ್ದಳು.

"ಇವ ಎಲೆಯಡಿಕೆ ಹಾಕುವವ. ನೋಡಿ, ಕಪ್ಪು ಗೆರೆ. ಹಿಂದಿನ ಬದಿ ಉಜ್ಜುದೇ ಇಲ್ಲೆ. ಸೋಮಾರಿ."

"ಹೌದಾ."

"ಮತ್ತೆ ಹಟಮಾರಿ. ಹಲ್ಲು ಕಚ್ಚಿ ಕಚ್ಚಿ ಮೇಲೆಲ್ಲ ಸವೆದುಟ್ಟು. ಇವನ ಕಟ್ಟಿಕಂಡವಳ ಪಾಡು ಹೇಳುದೇ ಬೇಡ."

"ಇನ್ನೂ ಯಾರೂ ಕಟ್ಟಿಕಳಲಿಲ್ಲೆ" ಎಂದಿದ್ದ ದೇರಪ್ಪ, ಸೈಕಲ್ಲಿನ ಬೆಲ್ಲನ್ನು ಉಗುರಿನಿಂದ ಕೆರೆಯುತ್ತ.

ಒಂದೇ ಒಂದು ಸಂಗತಿ ಅವಳಿಗೆ ಬಿಡಿಸಲಾಗಿರಲಿಲ್ಲ. ಹಲ್ಲಿನಲ್ಲಿ ಹುಳುಕಿರಲಿಲ್ಲ, ಒಡಕಿರಲಿಲ್ಲ. ಇಷ್ಟು ಗಟ್ಟಿ ಹಲ್ಲನ್ನು ಯಾಕೆ ಕೀಳಿಸಿದರು? ಕೇಳಿದ್ದಕ್ಕೆ ಅವನು, "ಅವಂಗೇ ಗೊತ್ತು" ಎಂದಿದ್ದ.

ಈಗ ಅಂಗಳದಲ್ಲಿ ಗಂಗಮ್ಮ ನಿಂತಿದ್ದರು.

"ವಿರಾಜಪೇಟೆ ಆಸ್ಪತ್ರೆಯಲ್ಲಿ ಕೀಳಿಸಿದ್ದಂತೆ. ಬಸ್ಸಿನ ಕಂಡಕ್ಟರ್ ಚೆನ್ನಯ್ಯ ಕಣ್ಣಾರೆ ನೋಡಿದನಂತೆ. ನೋವು ಅಂತ ಸುಳ್ಳು ಹೇಳಿ ಕೀಳಿಸಿ, ಪೊಟ್ಟಣ ಕಟ್ಟಿ ಕಿಸೆಗೆ ಹಾಕಿಕಂಡು ಬಂದನಂತೆ. ನಿನ್ನೆ ಕೇಳಿದೆ, ಯಾರಿಗೆ ಕೊಟ್ಟೆ ಹಲ್ಲು ಅಂತ. ಯಮುನಂಗೆ ಕೊಟ್ಟೆ ಅಂತ ಹೇಳ್ದ. ಭಾಗಮಂಡಲದ ಕಡೆಯಿಂದ ಒಳ್ಳೆ ಸಂಬಂಧ ಬಂದಿತ್ತ್. ಅದೂ ಬೇಡಂತೆ. ನನ್ನ ಹೈದ ಹಿಂಗೆ ಇರಲಿಲ್ಲೆ ಪದ್ಮಯ್ಯ. ಹಲ್ಲು ಈ ಮನೆಗೆ ಬಂದ ಮೇಲೆಯೇ ಹಿಂಗಾದ್ದು."

ಯಮುನಳ ಕೈಯಿಂದ ಚಾಕು ಜಾರಿ ಬಿತ್ತು. ಸೋಪಿನ ಹಲ್ಲು ಉರುಳಿ ಮೆಟ್ಟಿಲಿಳಿಯಿತು.

ಮೊದಲು ಅವಳಿಗೆ ನೆನಪಾದದ್ದು ತಾನು ಆಡಿದ ಮಾತುಗಳು. ಸೋಮಾರಿ. ಹಟಮಾರಿ. ಕಟ್ಟಿಕೊಂಡವಳ ಪಾಡು. ಕಿವಿ ಬಿಸಿಯಾಯಿತು. ಆಮೇಲೆ ನೆನಪಾದದ್ದು ಹಲ್ಲನ್ನು ಹತ್ತಿಯಲ್ಲಿಟ್ಟು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದುದು. ಕುತ್ತಿಗೆಯೂ ಬಿಸಿಯಾಯಿತು. ಮೂರನೆಯದು ನೆನಪಾದಾಗ ಮಾತ್ರ ಮೈಯೆಲ್ಲ ತಣ್ಣಗಾಯಿತು.

"ಗಟ್ಟಿ ಹಲ್ಲು ಅದು" ಎಂದಳು. ಯಾರಿಗೆ ಹೇಳಿದಳೋ ಅವಳಿಗೇ ತಿಳಿಯಲಿಲ್ಲ.

"ಮಂತ್ರವಾದಿಗೆ ಹೇಳಿ ಕಳಿಸಿ ಆಗುಟ್ಟು" ಎಂದರು ಗಂಗಮ್ಮ. "ಇಂದು ಹಲ್ಲು ಸಿಕ್ಕದಿದ್ದರೆ ನಾಳೆ ಅವನ ಕರಕಂಡೇ ಬನ್ನೆ. ಊರೆಲ್ಲ ನೋಡಲಿ."

ಪದ್ಮಯ್ಯನವರ ಹೆಂಡತಿ ನೀಲಾವತಿ ಒಳಗಿನಿಂದ ಬಂದವರು ಬಾಗಿಲ ಚೌಕಟ್ಟನ್ನು ಹಿಡಿದು ನಿಂತುಬಿಟ್ಟರು. ಮಾಟ ಮಾಡಿದವಳೆಂದು ಒಮ್ಮೆ ಹೆಸರು ಬಂದರೆ ಆ ಹುಡುಗಿ ಡಾಕ್ಟರ್ ಓದಿದರೂ ಅಷ್ಟೇ, ಓದದಿದ್ದರೂ ಅಷ್ಟೇ; ಅವಳ ಮುಂದೆ ಬಾಯಿ ತೆರೆಯುವವರು ಈ ಸೀಮೆಯಲ್ಲಿ ಯಾರೂ ಇರುವುದಿಲ್ಲ.

ಅಷ್ಟರಲ್ಲಿ ಸೈಕಲ್ಲು ಬಂತು. ತಾಯಿ ಕೊಡೆ ಹಿಡಿದು ಹೊರಟ ಸುದ್ದಿ ಎಸ್ಟೇಟಿಗೆ ಮುಟ್ಟಿತ್ತು. ದೇರಪ್ಪ ಏದುಸಿರು ಬಿಡುತ್ತ ಇಳಿದ.

"ಅವ್ವ, ಮನೆಗೆ ನಡಿ..."

"ಬಾವ, ಇಲ್ಲಿ ಬನ್ನಿ" ಎಂದಳು ಯಮುನ.

ಅವನು ಬಂದ.

"ಮೆಟ್ಟಿಲ ಮೇಲೆ ಕೂರಿ. ಬಿಸಿಲಿಗೆ ಮುಖ ಮಾಡಿ. ಬಾಯಿ ತೆಗೀರಿ."

ಅವನು ತಾಯಿಯ ಮುಖ ನೋಡಿದ. ಪದ್ಮಯ್ಯನವರ ಮುಖ ನೋಡಿದ. ಯಮುನಳ ಮುಖ ನೋಡಿದ ಮೇಲೆ ಬಾಯಿ ತೆರೆದ.

ಅವಳು ಎಡಗೈಯಿಂದ ಅವನ ಗದ್ದ ಹಿಡಿದು ಎತ್ತಿದಳು. ಬೆಳಿಗ್ಗೆ ಕ್ಷೌರ ಮಾಡಿದ ಗದ್ದ, ಸ್ವಲ್ಪ ಒರಟು. ಅವನ ಕಣ್ಣು ಅವಳ ಕಣ್ಣಿಗಿಂತ ಒಂದು ಗೇಣು ಕೆಳಗಿತ್ತು. ರೆಪ್ಪೆ ಬಡಿಯಲಿಲ್ಲ. ಬಲಗಡೆ ಮೇಲೆ ಹಲ್ಲಿರಬೇಕಾದ ಜಾಗದಲ್ಲಿ ಎಳೆಗೆಂಪು ವಸಡು ಕೂಡಿಕೊಂಡಿತ್ತು. ಎಡಗಡೆ, ಅದೇ ಜಾಗದ ಹಲ್ಲಿನ ಒಳಬದಿಯಲ್ಲಿ, ಸಾಸಿವೆಯಷ್ಟು ಸಣ್ಣ ಗುಬುಟು. ಹತ್ತಿಯಲ್ಲಿದ್ದ ಹಲ್ಲಿನಲ್ಲೂ ಅದೇ ಗುಬುಟಿತ್ತು. ಎಲ್ಲರಿಗೂ ಇರುವಂಥದ್ದಲ್ಲ ಅದು. ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ.

ಅವಳು ಗದ್ದ ಬಿಟ್ಟಳು.

"ನಿಮಗೆ ಬುದ್ಧಿ ಉಟ್ಟಾ?"

"ಅಲ್ಲ ಯಮುನ..."

"ಗಟ್ಟಿ ಹಲ್ಲು! ಎಪ್ಪತ್ತು ವರ್ಷ ಬರ್ತಿದ್ದ ಹಲ್ಲು! ಅದು ಹೋದರೆ ಪಕ್ಕದ್ದು ವಾಲುದು, ಕೆಳಗಿಂದು ಮೇಲೆ ಬರುದು, ಆ ಕಡೆಯ ಅಗಿತವೇ ಕೆಡುದು. ನಾ ಕಲಿಯಕೆ ಹೊರಟದ್ದು ಹಲ್ಲು ಉಳಿಸಿಕೆ. ಕಾಲೇಜಿಗೆ ಕಾಲಿಡುವ ಮೊದಲೇ ನನ್ನ ಹೆಸರಲ್ಲಿ ಒಂದು ಹಲ್ಲು ಹಾಳು ಮಾಡಿದ್ರಲ್ಲ. ಹೋರಿಗೂ ಇದಕ್ಕಿಂತ ಹೆಚ್ಚು ಬುದ್ಧಿ ಇದ್ದದೆ!"

"ಮೂವತ್ತೆರಡು ಉಟ್ಟಲ್ಲಾ ಅಂತ..."

"ಬಾಯಿ ಮುಚ್ಚಿ!"

ಅವನು ಮುಚ್ಚಿದ. ಯಮುನ ಇಷ್ಟು ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ಅವಳ ಅಪ್ಪನೇ ಕೇಳಿರಲಿಲ್ಲ.

ಗಂಗಮ್ಮ ಊರಿದ್ದ ಕೊಡೆಯನ್ನು ಎತ್ತಿ ಕಂಕುಳಿಗೆ ಸೇರಿಸಿದರು. ಮೆಲ್ಲನೆ ಚಪ್ಪಲಿ ಬಿಟ್ಟು ಜಗಲಿ ಹತ್ತಿ ನೀಲಾವತಿಯ ಪಕ್ಕಕ್ಕೆ ಬಂದು ನಿಂತರು.

"ವಶ ಮಾಡಿಕಂಡವಳು ಹಿಂಗೆ ಬೈಯುದಾ?" ಎಂದರು. "ನಾ ಇವಂಗೆ ಹೋರಿ ಅಂತ ಒಂದು ದಿನ ಹೇಳಿದವಳಲ್ಲ. ಮಾಟ ಇಲ್ಲೆ ನೀಲಕ್ಕ. ಇದು ಇವನದೇ ಹುಚ್ಚು."

"ಹಾಂಗಾರೆ ಹಲ್ಲು ಇಲ್ಲೇ ಇರಲಿ ಅವ್ವ, ಹತ್ತು ದಿನ" ಎಂದ ದೇರಪ್ಪ.

"ಮಾಟ ಇಲ್ಲದ್ದು ಬೇರೆ. ಹಲ್ಲು ಪರರ ಮನೇಲಿರುದು ಬೇರೆ."

ಯಮುನ ಒಳಗೆ ಹೋಗಿ ಹತ್ತಿಯ ಸಮೇತ ಹಲ್ಲನ್ನು ತಂದು ಗಂಗಮ್ಮನ ಕೈಗಿಟ್ಟಳು. ಕೊಡುವಾಗ ಬೆರಳು ಸ್ವಲ್ಪ ತಡವಾಗಿ ಬಿಡಿಸಿಕೊಂಡಿತು. ಪರೀಕ್ಷೆ ಮುಂದಿನ ವಾರ, ಇನ್ನು ಉಳಿದದ್ದು ಪುಸ್ತಕದ ಒಂದು ಬದಿಯ ಚಿತ್ರ ಮಾತ್ರ. ಅಂದು ಮಧ್ಯಾಹ್ನವೇ ಆ ಹಲ್ಲು ಸಗಣಿಯೊಳಗೆ ಸೇರಿ ಗಂಗಮ್ಮನ ಮನೆಯ ಹಂಚಿನ ಮೇಲೆ ಬಿತ್ತು.

ಮರುದಿನ ಸಂಜೆ, ಕೆಲಸ ಬಿಟ್ಟ ಮೇಲೆ, ದೇರಪ್ಪ ಬಂದು ಮೆಟ್ಟಿಲ ಮೇಲೆ ಅದೇ ಜಾಗದಲ್ಲಿ ಕೂತ. ಹಿಂದೆಯೇ ಗಂಗಮ್ಮ.

"ಎಂತ ಬಾವ?"

"ಎಡಗಡೆದು ಉಟ್ಟಲ್ಲ. ನೋಡಿಕ." ಬಾಯಿ ತೆರೆದ.

"ಉಜ್ಜಿಕಂಡು ಬಂದ್ರಾ?"

"ಮೂರು ಸಲ" ಎಂದರು ಗಂಗಮ್ಮ, ಎಲೆಗೆ ಸುಣ್ಣ ಹಚ್ಚುತ್ತ. "ನನ್ನ ಪಾಲಿನ ಹಲ್ಲುಪುಡೀನೂ ಖಾಲಿ ಮಾಡಿ ಹೊರಟ."

ಅಂದಿನಿಂದ ದಿನಾ ಸಂಜೆ ಹೀಗೇ. ದೇರಪ್ಪ ಬೆಳಕಿಗೆ ಬಾಯಿ ತೆರೆದು ಕೂರುವುದು, ಯಮುನ ಒಂದು ಕೈಯಲ್ಲಿ ಪುಟ್ಟ ಕನ್ನಡಿ ಹಿಡಿದು ನೋಡುವುದು, ಹಿಂದಕ್ಕೆ ಸರಿದು ಸೋಪು ಕೆತ್ತುವುದು, ಮತ್ತೆ ನೋಡುವುದು. ಗಂಗಮ್ಮ ಮೂಲೆಯಲ್ಲಿ ಕಾವಲು. ನೀಲಾವತಿ ಮಾತ್ರ, "ಬಟ್ಟೆ ಒಗೆಯಕೆ ಸೋಪಿಲ್ಲೆ, ಮನೆ ತುಂಬ ಹಲ್ಲು" ಎಂದು ಗೊಣಗುತ್ತ ಎಲ್ಲರಿಗೂ ಕಾಫಿ ತರುತ್ತಿದ್ದರು.

ಕಿತ್ತ ಹಲ್ಲು ಒಂಟಿ. ಬಾಯೊಳಗಿನ ಹಲ್ಲಿಗೆ ನೆರೆಹೊರೆಯುಂಟು. ಮೇಲಿನ ಹಲ್ಲಿನ ಉಬ್ಬು ಕೆಳಗಿನ ಹಲ್ಲಿನ ಯಾವ ಗುಳಿಗೆ ಕೂರುತ್ತದೆ ಎಂದು ನೋಡಲು ಅವಳು ಕೆಳದವಡೆಯನ್ನೂ ನೋಡಿದಳು. ನೋಡಿದ್ದನ್ನು ಕೆತ್ತಿದಳು. ಕೆಲವು ಸಲ ಹಲ್ಲಿನಿಂದ ಕಣ್ಣು ಎತ್ತಿದಾಗ ಅವನು ಅವಳನ್ನೇ ನೋಡುತ್ತಿರುತ್ತಿದ್ದ.

"ಅತ್ತ ನೋಡಿ."

"ಆಂ?"

"ಆ ತೆಂಗಿನ ಮರ ನೋಡಿ, ನನ್ನ ಅಲ್ಲ. ಕೈ ನಡುಗುದು."

ಬೆಂಗಳೂರಿಗೆ ಹೊರಡುವ ಹಿಂದಿನ ಸಂಜೆ ಅವಳು ಅವನ ಬಾಯೊಳಗೆ ಬೆರಳಿಟ್ಟೇ ಮಾತು ತೆಗೆದಳು.

"ಈಗ ನಾ ಕೇಳುದಕ್ಕೆ ಬರೇ ಆಂ ಅನ್ನಿ. ಭಾಗಮಂಡಲದ ಸಂಬಂಧ ಬೇಡ ಅಂದದ್ದು ನಿಜವಾ?"

"ಆಂ."

"ನಂಗೋಸ್ಕರವಾ?"

ತೆಂಗಿನ ಮರದಿಂದ ಕಣ್ಣು ಅವಳ ಕಡೆ ತಿರುಗಿತು. "ಆಂ."

"ನಾಲ್ಕು ವರ್ಷ ಓದು ಉಟ್ಟು. ಕಾಯ್ತೀರಾ?"

ಅವನು ಆಂ ಎನ್ನುವ ಮೊದಲೇ ಮೂಲೆಯಿಂದ ದನಿ ಬಂತು. "ನಾಲ್ಕು ವರ್ಷವಾ! ಅಷ್ಟೊತ್ತಿಗೆ ಇವನ ಬಾಯಲ್ಲಿ ಎಂತ ಉಳಿದದೆ ಅಂತ ಕಾಯುದು?"

"ಎಲ್ಲ ಉಳಿದದೆ ಅತ್ತೆ" ಎಂದಳು ಯಮುನ. ತಿರುಗಿ ನೋಡಲಿಲ್ಲ. ಅವನಿಗೇ ಹೇಳಿದಳು, ದನಿ ತಗ್ಗಿಸಿ: "ಇನ್ನು ನನ್ನ ಕೇಳದೆ ಒಂದನ್ನೂ ಕೀಳಿಸಬಾರ್ದು. ಉಳಿದದ್ದೆಲ್ಲ ನನ್ನದು."

ದೇರಪ್ಪ ಬಾಯಿ ಮುಚ್ಚಿದ. ಬೆರಳು ಒಳಗೇ ಇತ್ತು. ಕಚ್ಚಲಿಲ್ಲ, ಹಿಡಿದುಕೊಂಡ. ಬೆರಳನ್ನು ಕೂಡಲೇ ಎಳೆದುಕೊಳ್ಳಬೇಕೆಂದು ಅವಳಿಗೆ ಹೊಳೆದದ್ದು ಸ್ವಲ್ಪ ತಡವಾಗಿ.

ಗಂಗಮ್ಮ ಎಲೆಯ ರಸ ಉಗುಳಲೆಂದು ಎದ್ದು ಹಿತ್ತಲಿಗೆ ಹೋದರು. ಉಗುಳಿ ಬರಲು ಅಷ್ಟು ಹೊತ್ತು ಬೇಕಿರಲಿಲ್ಲ.

ಶುಕ್ರವಾರ ಬೆಂಗಳೂರಿನಲ್ಲಿ ಮೇಜಿನ ಮೇಲಿನ ಬಟ್ಟೆ ಸರಿಸಿದಾಗ ಯಮುನ ಕಲ್ಲಾದಳು. ಅಲ್ಲಿದ್ದದ್ದು ಮೇಲ್ದವಡೆಯ ಹಲ್ಲಲ್ಲ, ಕೆಳದವಡೆಯದು. ಎರಡೇ ಬೇರು. ಪಕ್ಕದ ಹುಡುಗ, "ಅಯ್ಯೋ, ಹೋದ ವರ್ಷ ಮೇಲಿನದ್ದಲ್ವಾ ಕೊಟ್ಟಿದ್ದು?" ಎಂದು ಪಿಸುಗುಟ್ಟಿ ಚಾಕು ಕೆಳಗಿಟ್ಟ. ಯಮುನ ಕಣ್ಣು ಮುಚ್ಚಿಕೊಂಡಳು. ಮೂರ್ನಾಡಿನ ಮೆಟ್ಟಿಲ ಬಿಸಿಲಿನಲ್ಲಿ ತೆರೆದಿದ್ದ ಬಾಯಿ ಒಳಗೇ ಕಾಣಿಸಿತು, ಮೇಲಿನ ಸಾಲು, ಕೆಳಗಿನ ಸಾಲು, ಒಂದು ಇನ್ನೊಂದಕ್ಕೆ ಕೂರುವ ಬಗೆ. ಆ ಹಲ್ಲು ಹತ್ತಿಯಲ್ಲೇ ಉಳಿದಿದ್ದರೆ ಅವಳು ಕೆಳದವಡೆಯನ್ನು ನೋಡುತ್ತಲೇ ಇರಲಿಲ್ಲ. ಕಣ್ಣು ತೆರೆದು ಮೇಣ ಕೈಗೆತ್ತಿಕೊಂಡಳು.

ಆಯ್ಕೆಯಾದವರಲ್ಲಿ ಅವಳ ಹೆಸರಿತ್ತು. ಜುಲೈ ಮೊದಲ ವಾರ ಕಾಲೇಜು ಸೇರಿದಳು. ಹುತ್ತರಿ ಹಬ್ಬಕ್ಕೆ ರಜೆ ಹಾಕಿ ಊರಿಗೆ ಬಂದಾಗ ಗಂಗಮ್ಮ ವೀಳ್ಯ ಹಿಡಿದು ಬಂದರು. ಮದುವೆಯ ನಿಶ್ಚಯ ಪದ್ಮಯ್ಯನವರ ಮನೆಯಲ್ಲೇ ಆಯಿತು. ಮೂರನೆಯ ದಿನ ಬೆಳಗಿನ ಬಸ್ಸಿಗೆ ಯಮುನ ಬೆಂಗಳೂರಿಗೆ ಹಿಂದಿರುಗಿದಳು.